ನಾಣಿಗೆ ಬಿಟ್ಟ ಜಾಗ

ಮಾರ್ಚ್ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಹೊಸ ಗಂಡ, ಹೊಸ ಮನೆ, ಹೊಸ ದಿನಚರಿ ಪುಸ್ತಕ. ಮೂರನ್ನೂ ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ನನ್ನವನು ಹಲ್ಲುಜ್ಜುತ್ತಾ ಗುನುಗುವುದು, ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಮನೆಯೆಲ್ಲ ಹುಡುಕುವುದು, ಬಿಸಿ ಕಾಫಿಗೆ ಊದುವಾಗ ಹುಬ್ಬು ಮೇಲೆತ್ತುವುದು, ಎಲ್ಲವನ್ನೂ ಬರೆದಿಡಬೇಕು. ಇಷ್ಟು ಸುಖ ನನ್ನೊಬ್ಬಳಿಗೇ ಸಿಕ್ಕರೆ ಉಳಿದವರ ಗತಿಯೇನು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಉಳಿದವರು ಹೇಗೋ ಬದುಕಿಕೊಳ್ಳುತ್ತಾರೆ, ನೀನು ಮೊದಲು ಅನ್ನಕ್ಕೆ ನೀರಿಡುವುದು ಕಲಿ ಎಂದಳು ಅಮ್ಮ.

ಇವತ್ತು ಮೊದಲ ಸಲ ಅವನ ಅಂಗಡಿಗೆ ಹೋದೆ. ಮಾವ ನಲವತ್ತು ವರ್ಷದಿಂದ ನಡೆಸುತ್ತಿರುವ ಗಾಜಿನ ಅಂಗಡಿ ಅದು. ಮುಂದೆ ಕನ್ನಡಿಗಳ ಕೋಣೆ, ಹಿಂದೆ ಗಾಜು ಕತ್ತರಿಸುವ ಉದ್ದನೆಯ ಶೆಡ್ಡು. ಹಳದಿ ಡ್ರೆಸ್ ಹಾಕಿಕೊಂಡು, ಎಲ್ಲರೂ ನೋಡಲಿ ಎಂದು ತಲೆಯೆತ್ತಿ ನಡೆದೆ. ಎರಡು ಕೋಣೆಗಳ ನಡುವಿನ ಗಾಜಿನ ಬಾಗಿಲನ್ನು ಆಗಷ್ಟೇ ಒರೆಸಿದ್ದರಂತೆ. ನನಗೆ ಬಾಗಿಲೇ ಕಾಣಲಿಲ್ಲ. ಹಣೆ ಢಣ್ಣೆಂದಿತು.

ಒಳಗಿದ್ದ ನಾಲ್ವರೂ ಒಟ್ಟಿಗೆ "ನಾಣಿ ನಮಸ್ಕಾರ" ಎಂದರು.

ನನ್ನವನು ಓಡಿ ಬಂದು ಹಣೆ ಉಜ್ಜಿದ, ನೀರು ಕೊಟ್ಟ, ಕುರ್ಚಿ ತಂದ. ಎಲ್ಲ ಸರಿ. ಆದರೆ ಅದಕ್ಕೂ ಮೊದಲು ನಕ್ಕ. ನಗುವಾಗ ನನ್ನನ್ನು ನೋಡಲಿಲ್ಲ, ಅಳತೆ ಮೇಜಿನ ಹತ್ತಿರ ನಿಂತಿದ್ದ ಹೆಂಗಸನ್ನು ನೋಡಿದ. ಅವಳೂ ಅವನನ್ನೇ ನೋಡಿ ನಗುತ್ತಿದ್ದಳು. ಕೊರಳಲ್ಲಿ ಅಳತೆ ಪಟ್ಟಿ, ತುರುಬಿನಲ್ಲಿ ಪೆನ್ಸಿಲ್. ಅಳೆಯುವ ಕೆಲಸ ಅವಳದಾದ್ದರಿಂದ ಎಲ್ಲರೂ ಅವಳನ್ನು ಟೇಪು ಎಂದೇ ಕರೆಯುತ್ತಾರೆ. ಮೂವತ್ತೆರಡೋ ಮೂವತ್ಮೂರೋ ಇರಬೇಕು. ಚೆಂದವೇನಿಲ್ಲ. ಖಾತ್ರಿ ಮಾಡಿಕೊಳ್ಳಲು ಎರಡು ಸಲ ನೋಡಿದೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಅವನು ಗಡ್ಡ ಮಾಡಿಕೊಳ್ಳುವಾಗ ನಾಣಿ ಯಾರು ಎಂದು ಕೇಳಿದೆ. ಯಾರೂ ಇಲ್ಲ ಎಂದ. ಯಾರೂ ಇಲ್ಲದೆ ಹೆಸರೆಲ್ಲಿಂದ ಬಂತು ಎಂದೆ. ಅಂಗಡಿಯ ಮಾತು ಕಣೇ, ಮೊದಲಿಂದ ಇದೆ ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

ಅಂಗಡಿಗೆ ಬಂದು ಎಲ್ಲ ಕನ್ನಡಿಗಳಲ್ಲೂ ತಲೆ ಬಾಚಿಕೊಂಡು, ಎಲ್ಲದರ ಬೆಲೆ ಕೇಳಿ, ಸುಮ್ಮನೆ ಹೊರಟುಹೋಗುವವನು "ನಾಣಿ ಗಿರಾಕಿ". ಐದು ನಿಮಿಷದಲ್ಲಿ ಬರುತ್ತೇನೆ ಎಂದವನು ಮಧ್ಯಾಹ್ನ ಬಂದರೆ ಅದು "ನಾಣಿಯ ಐದು ನಿಮಿಷ". ಈಗಷ್ಟೇ ಒರೆಸಿಟ್ಟ ಗಾಜಿನ ಮೇಲೆ ಯಾರೂ ಮುಟ್ಟಲಿಲ್ಲವೆಂದರೂ ಮೂಡುವ ಗುರುತು "ನಾಣಿ ಬೆರಳು". ಎಷ್ಟು ಅಳೆದರೂ ಲೆಕ್ಕಕ್ಕೆ ಬಾರದ ಸೊಟ್ಟ ಮೂಲೆ "ನಾಣಿ ಮೂಲೆ". ಹೇಳುತ್ತಾ ಹೇಳುತ್ತಾ ಅವನ ಮುಖ ಎಷ್ಟು ಅರಳಿತೆಂದರೆ ಸೋಪಿನ ನೊರೆ ಕಿವಿಯವರೆಗೆ ಹೋಯಿತು. ಕೊನೆಗೆ, ಇದನ್ನೆಲ್ಲ ಟೇಪು ಬಾಯಲ್ಲಿ ಕೇಳಬೇಕು, ಅವಳು ಹೇಳಿದರೆ ಹೊಟ್ಟೆ ಹುಣ್ಣಾಗುತ್ತೆ ಎಂದ.

ಎಂಟು ವರ್ಷದಿಂದ ಅವರಿಬ್ಬರೂ ಒಂದೇ ಶೆಡ್ಡಿನಲ್ಲಿದ್ದಾರಂತೆ. ನಾನು ಬಂದು ಇಪ್ಪತ್ತೊಂದು ದಿನ.

ಮಾರ್ಚ್ 9, ಭಾನುವಾರ

ಉದ್ಯಾನಕ್ಕೆ ಹೋಗಿದ್ದೆವು. ಹೊಸ ಓಲೆ ಹಾಕಿಕೊಂಡಿದ್ದೆ. ಅವನು ನನ್ನ ಭುಜದಾಚೆ ಏನನ್ನೋ ನೋಡುತ್ತಾ ನಗತೊಡಗಿದ. ತಿರುಗಿ ನೋಡಿದರೆ ಕಾವಲುಗಾರನ ಕೋಣೆಯ ಕಿಟಕಿ. ಎಂಥಾ ನಾಣಿ ಮೂಲೆ ನೋಡು, ಟೇಪು ಇರಬೇಕಿತ್ತು ಎಂದ.

ಟೇಪು ಇರಬೇಕಿತ್ತಂತೆ. ಉದ್ಯಾನದಲ್ಲಿ, ಭಾನುವಾರ, ನನ್ನ ಪಕ್ಕದಲ್ಲಿ.

ಓಲೆ ಬಗ್ಗೆ ಮಾತೇ ಇಲ್ಲ. ಮನೆಗೆ ಬಂದು ಅದನ್ನು ಡಬ್ಬಿಗೆ ಹಾಕುವಾಗ ತೀರ್ಮಾನಿಸಿದೆ, ನಾನೂ ಅಂಗಡಿಗೆ ಹೋಗುತ್ತೇನೆ. ಮಾವನ ಬರಹ ಮಾವನಿಗೇ ಓದಲು ಬರುವುದಿಲ್ಲ. ನನಗೋ, ಕಾನ್ವೆಂಟಿನಲ್ಲಿ ಕೈಬರಹಕ್ಕೆ ಮೂರು ವರ್ಷ ಮೊದಲ ಬಹುಮಾನ. ಅತ್ತೆಗೆ ಹೇಳಿದ್ದೇ ತಡ, ಹೋಗಮ್ಮ, ಮನೆಯಲ್ಲಿ ಕೂತು ಅನ್ನ ಸೀಯಿಸುವುದಕ್ಕಿಂತ ಅದೇ ವಾಸಿ ಎಂದು ಊಟದ ಡಬ್ಬಿಯನ್ನೇ ತೆಗೆದಿಟ್ಟರು.

ಮಾರ್ಚ್ 11, ಮಂಗಳವಾರ

ಕೆಲಸದ ಮೊದಲ ದಿನ. ನನಗೊಂದು ಮೇಜು, ಒಂದು ದೀಪ, ಉಪಯೋಗಿಸಿದ ಚೀಟಿಗಳನ್ನು ಚುಚ್ಚಿಡಲು ಒಂದು ಉದ್ದನೆಯ ಮೊಳೆ.

ಟೇಪು ಮನೆಗಳಿಗೆ, ಅಂಗಡಿಗಳಿಗೆ ಹೋಗಿ ಕಿಟಕಿ ಬಾಗಿಲುಗಳ ಚೌಕಟ್ಟು ಅಳೆದು ಚೀಟಿಯಲ್ಲಿ ಬರೆದು ತರುತ್ತಾಳೆ. ಅದನ್ನು ನಾನು ಅಂದವಾಗಿ ಫಾರಮ್ಮಿಗೆ ಇಳಿಸಬೇಕು. ಸಣ್ಣ ಗಾಜಾದರೆ ಫಾರಂ ನಮ್ಮ ಶೆಡ್ಡಿಗೆ, ದೊಡ್ಡದಾದರೆ ಕಾರ್ಖಾನೆಗೆ. ಅಲ್ಲಿ ಅಳತೆಗೆ ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿ ಕಳಿಸುತ್ತಾರೆ. ಒಮ್ಮೆ ಗಟ್ಟಿಯಾದರೆ ಮುಗಿಯಿತು, ಆಮೇಲೆ ಒಂದು ಕೂದಲಿನಷ್ಟು ಕತ್ತರಿಸಲು ಹೋದರೂ ಇಡೀ ಗಾಜು ಪುಡಿಪುಡಿ.

ಚೌಕಟ್ಟಿನಷ್ಟೇ ಅಗಲದ ಗಾಜು ಚೌಕಟ್ಟಿನೊಳಗೆ ಕೂರುವುದಿಲ್ಲ ಎಂಬುದು ಇವತ್ತು ಗೊತ್ತಾಯಿತು. ಮರ ಉಬ್ಬಿರುತ್ತದೆ, ಗೋಡೆ ವಾಲಿರುತ್ತದೆ. ಅದಕ್ಕೆ ಸ್ವಲ್ಪ ಸಂದಿ ಬೇಕು. ಆ ಸಂದಿಗೆ ಇವರು "ನಾಣಿಗೆ ಬಿಡುವುದು" ಎನ್ನುತ್ತಾರೆ. ಅಳತೆಯ ಪಕ್ಕದಲ್ಲಿ ಟೇಪು "ನಾ 3" ಎಂದು ಬರೆದಿದ್ದರೆ ಮೂರು ಮಿಲಿಮೀಟರ್ ಕಳೆದು ಫಾರಮ್ಮಿಗೆ ಬರೆಯಬೇಕು. ಎಲ್ಲಿ ಎಷ್ಟು ಬಿಡಬೇಕೆಂದು ಬಲ್ಲವಳು ಅವಳೊಬ್ಬಳೇ. ಅಂಗೈಯಿಂದ ಚೌಕಟ್ಟನ್ನು ಒಮ್ಮೆ ಸವರಿ ಹೇಳಿಬಿಡುತ್ತಾಳಂತೆ. ಇದನ್ನು ಹೇಳುವಾಗ ನನ್ನವನ ದನಿಯಲ್ಲಿ ಇದ್ದ ಹೆಮ್ಮೆ ನನ್ನ ಕೈಬರಹದ ಬಗ್ಗೆ ಹೇಳುವಾಗ ಇರಲಿಲ್ಲ.

ಕಲಿಸಿದವಳೂ ಅವಳೇ. ಎರಡು ಸಲ ತಪ್ಪಿದೆ, ಎರಡು ಸಲವೂ ಬೇಸರಿಸಲಿಲ್ಲ. ಬೇಸರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಸೊಸೆ ಮೇಡಂ, ಬೇರೆ ಯಾರನ್ನ ಮರೆತ್ರೂ ನಾಣೀನ ಮರೀಬೇಡಿ. ಅವನಿಗೆ ಜಾಗ ಕೊಡ್ಲಿಲ್ಲ ಅಂದ್ರೆ ಗಾಜನ್ನ ಒಳಗೆ ಬಿಡಲ್ಲ, ಬಾಗಿಲಲ್ಲೇ ಕೂತು ಹಟ ಮಾಡ್ತಾನೆ."

ಶೆಡ್ಡಿನಿಂದ ನನ್ನವನು ನಕ್ಕದ್ದು ಕೇಳಿಸಿತು.

ಮಾರ್ಚ್ 14, ಶುಕ್ರವಾರ

ನೋಡಬಾರದಿತ್ತು, ನೋಡಿದೆ. ಆಳೆತ್ತರದ ಕನ್ನಡಿಯೊಂದನ್ನು ಅವರಿಬ್ಬರೂ ಶೆಡ್ಡಿನಿಂದ ಗಾಡಿಗೆ ಸಾಗಿಸುತ್ತಿದ್ದರು. ಅವನು ಮುಂದೆ ಮುಖ ಮಾಡಿ, ಅವಳು ಹಿಂದಕ್ಕೆ ನಡೆಯುತ್ತಾ. ಮೆಟ್ಟಿಲಿದೆ ಎಂದು ಅವನು ಹೇಳಲಿಲ್ಲ. ಉಸಿರನ್ನು ಸ್ವಲ್ಪ ಬೇರೆ ರೀತಿ ಬಿಟ್ಟ, ಅಷ್ಟಕ್ಕೇ ಅವಳ ಕಾಲು ಕೆಳಗಿನ ಮೆಟ್ಟಿಲನ್ನು ಹುಡುಕಿಕೊಂಡಿತು. ತಿರುವಿನಲ್ಲಿ ಅವಳು ಗಲ್ಲ ಅಲ್ಲಾಡಿಸಿದಳು, ಅವನು ಓರೆಯಾದ. ನಾಲ್ಕು ಕಾಲಿನ ಒಂದೇ ಪ್ರಾಣಿ ನಡೆದಂತಿತ್ತು.

ನಾವಿಬ್ಬರೂ ಕೈ ಹಿಡಿದು ರಸ್ತೆ ದಾಟುವಾಗ ನಾನು ಎರಡು ಸಲ ಅವನ ಚಪ್ಪಲಿ ತುಳಿಯುತ್ತೇನೆ.

ನಾನೂ ಎತ್ತುತ್ತೇನೆ ಎಂದೆ. ಹುಚ್ಚಾ ನಿನಗೆ, ಕೈ ಕುಯ್ದುಕೊಳ್ಳುತ್ತೀಯ ಎಂದು ನನ್ನ ಬೆರಳುಗಳಿಗೆ ಮುತ್ತು ಕೊಟ್ಟ. ಮೊನ್ನೆಯಾಗಿದ್ದರೆ ಆ ಮುತ್ತಿನ ಬಗ್ಗೆ ಎರಡು ಪುಟ ಬರೆಯುತ್ತಿದ್ದೆ.

ಮಾರ್ಚ್ 17, ಸೋಮವಾರ

ಒಬ್ಬ ಗಿರಾಕಿ ತಡವಾಗಿ ಬಂದ. ನಾಣಿ ನಿಮಿಷ ಆಯ್ತು ನೋಡಿ ಎಂದೆ, ಎಲ್ಲರಿಗೂ ಕೇಳುವಂತೆ. ಯಾರೂ ನಗಲಿಲ್ಲ. ನನ್ನವನು ಮೆಲ್ಲಗೆ, ಅದನ್ನ ಹಾಗನ್ನಲ್ಲ ಎಂದ.

ಇವತ್ತು ಇಷ್ಟೇ.

ಮಾರ್ಚ್ 19, ಬುಧವಾರ

ಪೇಟೆಯ ಮೂಲೆಯ ಚಪ್ಪಲಿ ಅಂಗಡಿಯವರು ಇಡೀ ಮುಂಭಾಗಕ್ಕೆ ಗಾಜು ಹಾಕಿಸುತ್ತಿದ್ದಾರೆ. ಹಳೆಯ ಮರದ ಏಳು ಚೌಕಟ್ಟು, ಏಳು ದೊಡ್ಡ ಗಾಜು. ಈ ವರ್ಷದ ಅತಿ ದೊಡ್ಡ ಕೆಲಸ ಎಂದು ಮಾವ ನಿನ್ನೆಯಿಂದ ಕುರ್ಚಿಯಲ್ಲಿ ಕೂತಿಲ್ಲ. ಟೇಪು ಅರ್ಧ ದಿನ ಅಲ್ಲೇ ಇದ್ದು ಅಳೆದು ಬಂದಳು. ಚೀಟಿ ನನ್ನ ಮೇಜಿಗೆ ಬಂತು. ಏಳು ಸಾಲು. ನಾ 4, ನಾ 6, ನಾ 4, ನಾ 8, ಹೀಗೆ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನವನಿಗೊಂದು ಸಾಲು: "ಈ ಅಂಗಡೀನ ನಾಣಿಯೇ ಕಟ್ಟಿದ್ದಾನೆ. ಎತ್ತೋಕೆ ಬರುವಾಗ ಜೀವ ಕೈಯಲ್ಲಿ ಹಿಡ್ಕೊಂಡು ಬಾ."

ನನ್ನ ಮೇಜಿಗೆ ಬರುವ ಚೀಟಿಯಲ್ಲಿ ನನ್ನ ಗಂಡನಿಗೆ ಪತ್ರ.

ಮೊದಲ ಸಾಲಿನಲ್ಲಿ ನಾಲ್ಕು ಕಳೆಯಬೇಕೆಂದು ಪೆನ್ನೆತ್ತಿದೆ. ಆಗ ಶೆಡ್ಡಿನಲ್ಲಿ ಅವಳೇನೋ ಹೇಳಿದಳು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಜೊತೆ ಅವನು ಮುಗುಳ್ನಗುತ್ತಾನೆ, ಮುದ್ದಾಗಿ ನಗುತ್ತಾನೆ, ಹಾಗೆ ಒಂದು ಸಲವೂ ನಕ್ಕಿಲ್ಲ. ನಾನು ಏನನ್ನೂ ಕಳೆಯಲಿಲ್ಲ. ಏಳು ಅಳತೆಯನ್ನೂ ಇದ್ದದ್ದು ಇದ್ದ ಹಾಗೆ, ಮುತ್ತು ಪೋಣಿಸಿದ ಹಾಗೆ ಬರೆದೆ. "ನಾ" ಎಂಬ ಅಕ್ಷರ ನನ್ನ ಫಾರಮ್ಮಿನಲ್ಲಿ ಎಲ್ಲೂ ಇಲ್ಲ. ಅದು ಅವರಿಬ್ಬರ ಮಾತು, ಕಾರ್ಖಾನೆಯವರಿಗೆ ಯಾಕೆ ಬೇಕು? ಕೆಲವು ಮಿಲಿಮೀಟರ್ ತಾನೆ. ಒಂದು ಅಕ್ಕಿಕಾಳಿನಷ್ಟು. ಅಷ್ಟಕ್ಕೆ ಏನಾಗುತ್ತದೆ?

ಚೀಟಿಯನ್ನು ಮೊಳೆಗೆ ಚುಚ್ಚಲಿಲ್ಲ. ಅವನು ಓದಬಾರದೆಂದು ನನ್ನ ಪರ್ಸಿನಲ್ಲಿಟ್ಟುಕೊಂಡೆ. ಫಾರಂ ನಾಲ್ಕು ಗಂಟೆಗೆ ಹೋಯಿತು.

ಮಾರ್ಚ್ 23, ಭಾನುವಾರ

ಎಂಥ ಒಳ್ಳೆಯ ದಿನ. ಕೆರೆಯ ಸುತ್ತ ನಡೆದೆವು. ನನ್ನ ಓಲೆ ನೋಡಿ ಹೊಸದಾ ಎಂದ. ಎರಡು ವಾರ ಹಳತು ಎಂದೆ. ಕಿವಿ ಹಿಡಿದು ಕ್ಷಮೆ ಕೇಳಿದ, ಅವನದ್ದಲ್ಲ, ನನ್ನ ಕಿವಿ. ದೋಣಿಯಲ್ಲಿ ಕೂತು ಅವನ ತೋಳಿಗೆ ತಲೆ ಇಟ್ಟೆ. ಇಡೀ ದಿನ ಟೇಪು ಹೆಸರಿಲ್ಲ, ನಾಣಿ ಹೆಸರಿಲ್ಲ. ದಿನವೂ ಹೀಗೇ ಇದ್ದರೆ ನಾನು ಯಾರ ತಂಟೆಗೂ ಹೋಗುವವಳಲ್ಲ.

ಚಪ್ಪಲಿ ಅಂಗಡಿಯ ಗಾಜು ಶನಿವಾರ ಬರುತ್ತದಂತೆ. ಅದನ್ನು ಈ ಪುಟದಲ್ಲಿ ಯಾಕೆ ಬರೆದೆನೋ.

ಮಾರ್ಚ್ 29, ಶನಿವಾರ

ಕೂರಲಿಲ್ಲ.

ನಾನೂ ಹೋಗಿದ್ದೆ. ಗಾಜು ಹಾಕುವುದನ್ನು ನೋಡಲು ದಾರಿಹೋಕರೂ ನಿಂತಿದ್ದರು. ಅವನೂ ಟೇಪೂ ಮೊದಲನೆಯದನ್ನು ಎತ್ತಿ ಚೌಕಟ್ಟಿನ ಬಾಯಿಗೆ ತಂದರು. ಕೆಳಗಿನ ಅಂಚು ಕೂತಿತು, ಮೇಲಿನದು ಕೂರಲಿಲ್ಲ. ಇಳಿಸಿದರು. ಮರವನ್ನು ಒರೆಸಿ ಮತ್ತೆ ಎತ್ತಿದರು. ಇಳಿಸಿದರು. ಎರಡನೆಯದು. ಮೂರನೆಯದು. ಅವನ ಕತ್ತಿನ ನರ ಉಬ್ಬಿತ್ತು. ನಾಲ್ಕನೆಯದನ್ನು ಎತ್ತುವ ಬದಲು ಟೇಪು ಕೊರಳ ಪಟ್ಟಿಯನ್ನು ಎಳೆದು, ಒರಗಿಸಿಟ್ಟ ಗಾಜುಗಳನ್ನು ತಾನೇ ಅಳೆಯತೊಡಗಿದಳು. ಏಳೂ ಚೌಕಟ್ಟಿನಷ್ಟೇ ಅಗಲ, ಚೌಕಟ್ಟಿನಷ್ಟೇ ಎತ್ತರ. ಏಳೂ ಕಾಯಿಸಿ ಗಟ್ಟಿ ಮಾಡಿದವು. ಇನ್ನು ಏನೂ ಮಾಡುವ ಹಾಗಿಲ್ಲ.

ಮಾವ ಬಂದರು. ಟೇಪುವನ್ನು ಕೇಳಿದರು, ನಾಣಿಗೆ ಬಿಡಲಿಲ್ಲವಾ ಎಂದು. ಬರೆದಿದ್ದೆ ಎಂದಳು. ಮಾವ ನನ್ನ ಕಡೆ ತಿರುಗಿದರು.

"ಚೀಟೀಲಿ ಇದ್ದಿದ್ದನ್ನೇ ಬರೆದೆ ಮಾವ," ಎಂದೆ.

ಚೀಟಿ ಎಲ್ಲಿ ಎಂದರು. ಮೊಳೆಯಲ್ಲಿರಬೇಕು, ಇಲ್ಲದಿದ್ದರೆ ಬಿದ್ದುಹೋಗಿರಬೇಕು ಎಂದೆ. ಆಗ ಪರ್ಸು ನನ್ನ ಕಂಕುಳಲ್ಲೇ ಇತ್ತು. ನನ್ನವನು ತಕ್ಷಣ, ಅವಳು ಒಂದು ಚುಕ್ಕೆ ಬಿಡದೆ ನಕಲು ಮಾಡ್ತಾಳೆ ಅಪ್ಪ, ದಿನಾ ನೋಡ್ತೀನಲ್ಲ ಎಂದ. ಎಲ್ಲರೆದುರಿಗೆ, ಟೇಪುವಿನ ಎದುರಿಗೆ, ನನ್ನ ಪರವಾಗಿ.

ಟೇಪು ಜಗಳ ಮಾಡುತ್ತಾಳೆಂದು ಕಾದೆ. ಅವಳು ಅಂಗೈಯಿಂದ ಚೌಕಟ್ಟನ್ನು ಎರಡು ಸಲ ಸವರಿ, ಬರೆದೆ ಅಂತಲೇ ಅನಿಸುತ್ತೆ, ಆದರೆ ನನಗೇ ಗೊತ್ತಾಗ್ತಿಲ್ಲ ಎಂದಳು.

ಮಾರ್ಚ್ 30, ಭಾನುವಾರ

ಅವನು ನನ್ನ ಪರ ನಿಂತ. ಇದೇ ತಾನೆ ನನಗೆ ಬೇಕಿದ್ದದ್ದು. ಅತ್ತೆ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಏಪ್ರಿಲ್ 2, ಬುಧವಾರ

ಟೇಪು ಈಗ ಎಲ್ಲವನ್ನೂ ಮೂರು ಸಲ ಅಳೆಯುತ್ತಾಳೆ. ಇವತ್ತು ಒಂದು ಸಣ್ಣ ಫೋಟೋ ಗಾಜಿನ ಅಳತೆ ಬರೆದು, ಚೀಟಿ ಹಿಡಿದುಕೊಂಡು ನನ್ನ ಮೇಜಿನವರೆಗೆ ಬಂದು, ಇದರಲ್ಲಿ ನಾ ಅಂತ ಬರೆದಿದ್ದೇನಲ್ಲವಾ, ಕಾಣ್ತಿದೆಯಲ್ಲವಾ ಎಂದು ಕೇಳಿದಳು. ಕಾಣುತ್ತಿದೆ ಎಂದೆ. ತಲೆಯಾಡಿಸಿ ಹೋದವಳು ಅರ್ಧ ದಾರಿಯಿಂದ ಮರಳಿ ಬಂದು ತಾನೇ ಇನ್ನೊಮ್ಮೆ ಓದಿಕೊಂಡಳು.

ಮುಂದಿನ ತಿಂಗಳಿಂದ ಅಳತೆಗೆ ಹೊರಗಿನ ಒಬ್ಬನನ್ನು ಕರೆಸುತ್ತಾರಂತೆ ಮಾವ. ಟೇಪು ಮುಂದಿನ ಕೋಣೆಯಲ್ಲಿ ಕೂತು ಕನ್ನಡಿ ಮಾರಲಿ ಎಂದು. ಅದನ್ನು ಕೇಳಿ ಅವಳು, ಪಟ್ಟಿ ಇಲ್ಲದೆ ಕೂರೋದಾದರೆ ಬೇರೆ ಕಡೆ ಕೂತ್ಕೋತೀನಿ ಬಿಡಿ ಅಂದಳಂತೆ. ಹದಿನೈದನೇ ತಾರೀಕಿನವರೆಗೆ ಇರುತ್ತಾಳೆ.

ಮಧ್ಯಾಹ್ನ ಒಬ್ಬ ನಾಣಿ ಗಿರಾಕಿ ಬಂದಿದ್ದ. ಹನ್ನೆರಡು ಕನ್ನಡಿಗಳಲ್ಲಿ ತಲೆ ಬಾಚಿದ, ಒಂದರಲ್ಲಿ ಹಲ್ಲನ್ನೂ ನೋಡಿಕೊಂಡ. ಅವನು ಹೋದ ಮೇಲೆ ಯಾರಾದರೂ ಏನಾದರೂ ಅನ್ನುತ್ತಾರೆಂದು ಕಾದೆ. ಶೆಡ್ಡಿನಲ್ಲಿ ಗಾಜು ಕೊರೆಯುವ ಸದ್ದು ಬಿಟ್ಟರೆ ಏನಿಲ್ಲ. ಐದು ದಿನದಿಂದ ಈ ಅಂಗಡಿಯಲ್ಲಿ ಯಾರೂ ಆ ಹೆಸರು ಎತ್ತಿಲ್ಲ. ನನ್ನವನು ಮನೆಯಲ್ಲೂ ಗುನುಗುವುದನ್ನು ಬಿಟ್ಟಿದ್ದಾನೆ. ಎರಡೂ ಕಾಲುಚೀಲ ಮೊದಲ ಸಲಕ್ಕೇ ಸಿಗುತ್ತವೆ, ಹಾಕಿಕೊಂಡು ಹೊರಡುತ್ತಾನೆ.

ಏಪ್ರಿಲ್ 4, ಶುಕ್ರವಾರ

ಮಾವನಿಗೆ ಚಹಾ ಕೊಡುವಾಗ, ನಾಣಿ ಯಾರು ಮಾವ ಎಂದು ಕೇಳಿದೆ. ಗಂಡನನ್ನು ಕೇಳಿದಂತೆ ಹುರುಪಿನಿಂದಲ್ಲ. ಕೇಳದೆ ಇರಲಾಗಲಿಲ್ಲ.

ಅವರು ಹುಡುಗನಾಗಿದ್ದಾಗ ಕೆಲಸ ಕಲಿತ ಅಂಗಡಿಯಿಂದ ಆ ಹೆಸರನ್ನು ತಂದರಂತೆ. ಅಲ್ಲೂ ನಾಣಿ ಎಂಬವನನ್ನು ಯಾರೂ ಕಂಡಿರಲಿಲ್ಲ. ಬೀದಿಗೆ ಇಬ್ಬರು ನಾಣಿಗಳಿದ್ದ ಕಾಲ, ಯಾರ ಹೆಸರೂ ಆಗಬಹುದು, ಯಾರದೂ ಅಲ್ಲದೆಯೂ ಇರಬಹುದು. ಗಾಜಿನ ಕೆಲಸದಲ್ಲಿ ದಿನಕ್ಕೊಂದು ಒಡೆಯುತ್ತದೆ. ಯಾರು ಒಡೆದದ್ದು ಎಂದು ಕೇಳುತ್ತಾ ಹೋದರೆ ಮರುದಿನ ಅವನ ಕೈ ನಡುಗುತ್ತದೆ, ನಡುಗುವ ಕೈ ಇನ್ನೊಂದನ್ನು ಒಡೆಯುತ್ತದೆ. ಅದಕ್ಕೆ ಅವರ ಮೇಸ್ತ್ರಿ ಒಂದು ಪದ್ಧತಿ ಮಾಡಿದ್ದನಂತೆ. ಒಡೆದದ್ದೆಲ್ಲ ನಾಣಿ ಒಡೆದದ್ದು. ಗುಡಿಸಿ ಹಾಕಿ ಮುಂದಿನದನ್ನು ಎತ್ತು.

ಹೇಳಿ ಮುಗಿಸಿ ಮಾವ ಉಳಿದ ಚಹಾ ಕುಡಿದು ಲೋಟ ಬದಿಗಿಟ್ಟರು.

"ನಲವತ್ತು ವರ್ಷ ಯಾರನ್ನೂ ಹೆಸರು ಹಿಡಿದು ಕೇಳಿರಲಿಲ್ಲಮ್ಮ. ಅವತ್ತು ರಸ್ತೇಲಿ ನಿಂತು, ಅಷ್ಟು ಜನರೆದುರಿಗೆ ಕೇಳಿಬಿಟ್ಟೆ. ಈಗ ಅವಳ ಕೈ ನೋಡು."

ನೋಡಿದೆ. ನೋಡುತ್ತಲೇ ಇದ್ದೇನೆ. ಇವತ್ತು ಪಟ್ಟಿಯ ತುದಿ ಅವಳ ಬೆರಳಿನಿಂದ ಎರಡು ಸಲ ಜಾರಿತು.

ಏಪ್ರಿಲ್ 5, ಶನಿವಾರ

ಹೇಳಿಬಿಟ್ಟೆ. ಹೇಗೆ ಎಂಬುದನ್ನು ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ಆಮೇಲೆ ಚೆಂದ ಮಾಡಿಕೊಳ್ಳುತ್ತೇನೆ.

ಅಂಗಡಿ ತೆರೆದು ಕಸ ಗುಡಿಸಿದ ಮೇಲೆ ಅಳತೆ ಮೇಜಿನ ಹತ್ತಿರ ಹೋದೆ. ಮಾವ ಇದ್ದರು, ನನ್ನವನೂ ಇದ್ದ. ಪರ್ಸಿನಿಂದ ಚೀಟಿ ತೆಗೆದು ಟೇಪುವಿನ ಮುಂದಿಟ್ಟೆ. ಅವಳು ಮಡಿಕೆ ಬಿಡಿಸಿ ಓದಿದಳು. ನನ್ನನ್ನು ನೋಡಲಿಲ್ಲ. ತನ್ನ ಅಕ್ಷರವನ್ನೇ ನೋಡಿದಳು, ನಾ 4, ನಾ 6, ಒಂದೊಂದರ ಕೆಳಗೂ ಬೆರಳಿಟ್ಟು. ಆಮೇಲೆ ಉಸಿರು ಬಿಟ್ಟಳು. ಅಷ್ಟು ದಿನ ಅವಳು ಅದನ್ನು ಹಿಡಿದಿಟ್ಟುಕೊಂಡಿದ್ದಳೆಂದು ಆಗಲೇ ನನಗೆ ತಿಳಿದದ್ದು.

ಬರೆದಿದ್ದೆ ಎಂದಳು, ಯಾರಿಗೂ ಅಲ್ಲ.

ನಾನು ಹೇಳಿದೆ. ಗೊತ್ತಿದ್ದೇ ಕಳೆಯಲಿಲ್ಲ. ಚೀಟಿಯನ್ನು ಬೇಕೆಂದೇ ಅಡಗಿಸಿದೆ. ಅವತ್ತು ಕೇಳಿದಾಗ ಸುಳ್ಳು ಹೇಳಿದೆ. ಈ ಮೂರು ವಾಕ್ಯವನ್ನು ರಸ್ತೆಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೂ ಮೂರನೆಯದು ಅರ್ಧಕ್ಕೆ ನಿಂತು, ಮತ್ತೆ ಮೊದಲಿಂದ ಹೇಳಬೇಕಾಯಿತು.

ಮಾವ ಕನ್ನಡಕ ತೆಗೆದು ಒರೆಸುತ್ತಾ, ಹೋಗಲಿ, ಇದನ್ನೂ ನಾಣಿ ಮಾಡಿದ ಅಂತಿಟ್ಟುಕೊಳ್ಳೋಣ ಎಂದರು. ನನ್ನನ್ನು ಕಾಪಾಡಲು ಹೇಳಿದರು, ಗೊತ್ತು. ಆ ಕ್ಷಣ ಹೂಂ ಎನ್ನಲು ಎಷ್ಟು ಆಸೆಯಾಯಿತೆಂದರೆ ತುಟಿ ತೆರೆದಿತ್ತು.

"ಬೇಡ ಮಾವ. ಕೈತಪ್ಪಿ ಒಡೆದದ್ದಾದ್ರೆ ಅವನಿಗೆ ಹಾಕಿ. ಇದನ್ನ ನಾನು ಬೇಕಂತ ಮಾಡಿದ್ದು."

ಆಗ ಟೇಪು ಮೊದಲ ಸಲ ನನ್ನನ್ನು ನೋಡಿದಳು.

"ಯಾಕೆ?"

"ಅವನು ನಿಮ್ಮ ಜೊತೆ ನಗೋ ಹಾಗೆ ನನ್ನ ಜೊತೆ ನಗಲ್ಲ."

ನನ್ನವನು ಏನೋ ಹೇಳಲು ಹೊರಟ. ಟೇಪು ಅಂಗೈ ಎತ್ತಿ ಅವನನ್ನು ತಡೆದಳು.

"ಎಂಟು ವರ್ಷ ಇವನ ನಗು ಕೇಳಿದೀನಿ. ಒಂದು ದಿನಾನೂ ಅದನ್ನ ಮನೆಗೆ ತಗೊಂಡು ಹೋಗಬೇಕು ಅನ್ನಿಸಿಲ್ಲ. ನನ್ನ ಹತ್ರ ಇದ್ದಿದ್ದು ಒಂದೇ, ಕೈಯಲ್ಲಿ ಸವರಿದರೆ ಗೊತ್ತಾಗುತ್ತೆ ಅನ್ನೋ ನಂಬಿಕೆ. ನೀನು ಅದಕ್ಕೆ ಕೈ ಹಾಕಿದೆ. ನಗು ಬೇಕಿದ್ರೆ ಕೇಳಬಹುದಿತ್ತಲ್ಲ, ಬುಟ್ಟಿ ತುಂಬ ಕೊಡ್ತಿದ್ದೆ."

ಸೊಸೆ ಮೇಡಂ ಅನ್ನಲಿಲ್ಲ. ನೀವು ಅನ್ನಲಿಲ್ಲ. ಚೀಟಿಯನ್ನು ನಾಲ್ಕಾಗಿ ಮಡಿಸಿ ತನ್ನ ರವಿಕೆಯೊಳಗೆ ಇಟ್ಟುಕೊಂಡು, ಪಟ್ಟಿ ತೆಗೆದುಕೊಂಡು, ಚಪ್ಪಲಿ ಅಂಗಡಿಯ ಏಳು ಚೌಕಟ್ಟನ್ನೂ ಹೊಸದಾಗಿ ಅಳೆಯಲು ಹೊರಟುಹೋದಳು. ಮಾವ ಅವಳ ಹಿಂದೆ ಬಾಗಿಲವರೆಗೆ ಹೋಗಿ, ಹೊರಗಿನವನನ್ನು ಕರೆಸುವುದಿಲ್ಲ ಎಂದರು. ಅವಳು ತಿರುಗಲಿಲ್ಲ. ಕೇಳಿಸಿತು ಎನ್ನುವಂತೆ ಕೈ ಎತ್ತಿದಳು.

ಏಪ್ರಿಲ್ 9, ಬುಧವಾರ

ನಾಲ್ಕು ದಿನದಿಂದ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಮಾತು. ಇವತ್ತು ಕಾಫಿ ಕುಡಿಯುವಾಗ ಅವನು ಲೋಟ ಕೆಳಗಿಟ್ಟ.

"ನೀನು ಹೇಳದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

ಇಲ್ಲ ಎಂದೆ.

ಅದೇ ನನಗೆ ಭಯ ಎಂದ. ಎಲ್ಲರೆದುರು ನಿನ್ನ ಪರವಾಗಿ ಆಣೆ ಇಟ್ಟ ಹಾಗೆ ಮಾತಾಡಿದೆ, ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ ಎಂದ. ನನಗೂ ಎಂದೆ. ಇಬ್ಬರಿಗೂ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಎದ್ದು ಲೋಟ ತೊಳೆದ. ನನ್ನದನ್ನೂ ತೊಳೆದ.

ಏಪ್ರಿಲ್ 15, ಮಂಗಳವಾರ

ಚಪ್ಪಲಿ ಅಂಗಡಿಗೆ ಹೊಸ ಗಾಜು ನಿನ್ನೆ ಕೂತಿತು, ಏಳೂ. ಹಳೆಯ ಏಳನ್ನು ಶೆಡ್ಡಿನ ಗೋಡೆಗೆ ಒರಗಿಸಿದ್ದಾರೆ. ಅಷ್ಟು ಅಗಲದ ಮೇಜು ಯಾರಾದರೂ ಮಾಡಿಸಿದರೆ ಮೇಲೆ ಹಾಕಬಹುದಂತೆ. ಮೇಜಿನ ಗಾಜಿಗೆ ಏನೂ ಕಳೆಯಬೇಕಿಲ್ಲ.

ಮಾವ ಹೊಸ ನಿಯಮ ಮಾಡಿದ್ದಾರೆ. ಫಾರಂ ಬರೆಯುವವರು ಅಳತೆಗೂ ಹೋಗಬೇಕು. ಹಾಗಾಗಿ ಇವತ್ತು ಟೇಪು ಜೊತೆ ಒಂದು ಹೊಲಿಗೆ ಶಾಲೆಗೆ ಹೋಗಿದ್ದೆ. ಎರಡು ಗೋಡೆಗಳ ನಡುವಿನ ಗೂಡಿಗೆ ನೆಲದಿಂದ ಚಾವಣಿಯವರೆಗೆ ಕನ್ನಡಿ ಬೇಕಂತೆ. ದಾರಿಯುದ್ದಕ್ಕೂ ಅವಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ಹೋದ ಮೇಲೂ ಮಾತು ಬೇಕಾದಷ್ಟೇ: ಇದನ್ನ ಹಿಡಿ, ಎಳಿ, ಬಿಡು. ನನ್ನ ಮೇಲೆ ನಂಬಿಕೆ ಇಲ್ಲ, ನಾನು ಬರೆದ ಪ್ರತಿ ಅಂಕಿಯನ್ನೂ ಪುಸ್ತಕ ಕಸಿದು ಓದುತ್ತಾಳೆ. ಓದಲಿ.

ನಡುವೆ ಒಮ್ಮೆ ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಗೋಡೆಗೆ ಒತ್ತಿದಳು. ಮೇಲಿಂದ ಕೆಳಕ್ಕೆ ಸವರು, ಕಣ್ಣು ಮುಚ್ಚಿಕೊಂಡು ಎಂದಳು. ಸವರಿದೆ. ಮೊದಲು ಏನೂ ಗೊತ್ತಾಗಲಿಲ್ಲ, ಬರೀ ತಣ್ಣನೆಯ ಸುಣ್ಣ. ಎರಡನೇ ಸಲ ಭುಜದೆತ್ತರದಲ್ಲಿ ಗೋಡೆ ಉಸಿರೆಳೆದುಕೊಂಡಂತೆ ಸ್ವಲ್ಪ ಮುಂದೆ ಬಂತು. ಇಲ್ಲಿ ಹೊಟ್ಟೆ ಬಿಟ್ಟಿದೆ ಎಂದೆ. ನಾಣಿಗೆ ಎಷ್ಟು ಎಂದಳು. ಐದು ಎಂದೆ. ಅವಳು ಸವರಿ ನೋಡಿ, ಏಳು ಎಂದಳು. ಏಳು ಬರೆದುಕೊಂಡೆ. ಮೊದಲ ದಿನಕ್ಕೆ ಐದು ಅಂದರೆ ಕೆಟ್ಟದ್ದಲ್ಲ ಎಂದಳು, ಗೋಡೆಗೆ ಹೇಳುವ ಹಾಗೆ.

ಅಷ್ಟರಲ್ಲಿ ಅವಳ ಫೋನಿಗೆ ನನ್ನವನ ಕರೆ ಬಂತು. ಅವಳು ಕಿಟಕಿಯ ಹತ್ತಿರ ಹೋಗಿ ಮಾತಾಡಿದಳು. ನಡುವೆ ಜೋರಾಗಿ ನಕ್ಕಳು, ಆ ಕಡೆಯಿಂದ ಅವನು ನಕ್ಕದ್ದೂ ಇಲ್ಲಿಯವರೆಗೆ ಕೇಳಿಸಿತು. ನಾನು ಮಂಡಿಯೂರಿ ಕೂತು ಕೆಳಗಿನ ಗೋಡೆಯನ್ನು ಸವರುತ್ತಿದ್ದೆ. ಅವಳು ಮರಳಿ ಬಂದು ಏನೋ ಹೇಳತೊಡಗಿದಳು, ನಾನು ಒಂದು ನಿಮಿಷ ಎಂದು ಕೈ ಎತ್ತಿದೆ. ಮೊಣಕಾಲಿನ ಎತ್ತರದಲ್ಲಿ ಇನ್ನೊಂದು ಉಬ್ಬು ಇತ್ತು, ಮೇಲಿನದಕ್ಕಿಂತ ದೊಡ್ಡದು, ಅವಳೂ ಹೇಳಿರದಿದ್ದದ್ದು. ತೋರಿಸಿದೆ. ಅವಳು ನನ್ನ ಪಕ್ಕ ಕೂತು ಸವರಿದಳು, ಮತ್ತೆ ಸವರಿದಳು, ತುರುಬಿನಿಂದ ಪೆನ್ಸಿಲ್ ತೆಗೆದು ನನ್ನ ಪುಸ್ತಕದ ಏಳನ್ನು ಹೊಡೆದು ಒಂಬತ್ತು ಮಾಡಿದಳು.